ಪದಚರ್ಚೆ: ಯಾವುದು ಅಚ್ಚು, ಯಾವುದು ಪಡಿಯಚ್ಚು? ಮತ್ತೆ ‘ಹೆಪ್ಪು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಒಂದು ಅಚ್ಚು, ಇನ್ನೊಂದು ಹೆಪ್ಪು. ಎರಡೂ ಅಡುಗೆಮನೆಯಲ್ಲಿ ಓಡಾಡುವ ಪದಗಳು. ಅವನ್ನು ನಾನು ರೆಸಿನ್ (ಎರಡು ದ್ರವ ಬೆರೆಸಿ ಹೊಯ್ದರೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ವಸ್ತು) ಕೆಲಸಕ್ಕೆ ತಂದಾಗ ಎರಡೂ ಕಡೆ ಎಡವಟ್ಟಾಯಿತು.

ಬೆಂಗಳೂರು ಹನುಮಂತನಗರದ ನಮ್ಮ ಮನೆ ಮಹಡಿಯಲ್ಲಿ ಭಾನುವಾರ ಏಳೆಂಟು ಜನ ಹೆಂಗಸರು ಸೇರುತ್ತೇವೆ. ರೆಸಿನ್ ಹೊಯ್ದು ಕೀ ಚೈನು, ಓಲೆ, ಬಾಗಿಲಿಗೆ ಹಾಕುವ ಹೆಸರಿನ ಫಲಕ ಮಾಡುತ್ತೇವೆ. ಅಂಗಡಿಯಲ್ಲಿ ಸಿಗುವ ಅಚ್ಚುಗಳಲ್ಲಿ ಯಾವಾಗಲೂ ಅದೇ ಹೃದಯ, ಅದೇ ಚಿಟ್ಟೆ. ನಮಗೆ ಬೇಕಾದ ಆಕಾರ ಬೇಕು ಅಂದರೆ ಅಚ್ಚನ್ನೂ ಮನೆಯಲ್ಲೇ ಮಾಡಿಕೊಳ್ಳಬೇಕು. ಬರುವವರಲ್ಲಿ ಅರ್ಧ ಜನರಿಗೆ ಇಂಗ್ಲಿಷ್ ವಿಡಿಯೋ ನೋಡಿ ಕಲಿಯುವುದು ಕಷ್ಟ. ಅದಕ್ಕೇ ಕನ್ನಡದಲ್ಲಿ ನಾಲ್ಕು ಪುಟದ ಒಂದು ಕೈಪಿಡಿ ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡ ಉದಾಹರಣೆ ಗಿಳಿ. ನಮ್ಮಜ್ಜಿಯ ಕಾಲದ ಮರದ ಸಕ್ಕರೆ ಅಚ್ಚು ಮನೆಯಲ್ಲಿದೆ. ಎರಡು ಹಲಗೆ, ಒಂದೊಂದರಲ್ಲೂ ಅರ್ಧರ್ಧ ಗಿಳಿ ಕೊರೆದಿದೆ. ಎರಡನ್ನೂ ಜೋಡಿಸಿ ದಾರ ಕಟ್ಟಿದರೆ ನಡುವೆ ಗಿಳಿಯಷ್ಟೇ ಜಾಗ ಉಳಿಯುತ್ತದೆ. ಸಂಕ್ರಾಂತಿಗೆ ಮುಂಚೆ ಅಜ್ಜಿ ಈ ಮರವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುತ್ತಿದ್ದರು. ಮರ ನೀರು ಕುಡಿದಿದ್ದರೆ ಪಾಕ ಅಂಟುವುದಿಲ್ಲ. ಸಕ್ಕರೆ ಕುದಿಯುವಾಗ ಹಾಲು ಬಿಟ್ಟು ಕೊಳೆ ತೆಗೆದು, ಬಿಳಿ ಬಟ್ಟೆಯಲ್ಲಿ ಸೋಸಿ, ಪಾಕ ಬಂದ ಮೇಲೆ ಬಿಳಿಚಿಕೊಳ್ಳುವವರೆಗೂ ಸೌಟಿನಲ್ಲಿ ತಿರುವಿ, ತಕ್ಷಣ ಹೊಯ್ಯುವುದು. ಸ್ವಲ್ಪ ಹೊತ್ತಿಗೆ ದಾರ ಬಿಚ್ಚಿದರೆ ಬಿಳಿ ಗಿಳಿ.

ಇದೇ ಗಿಳಿ ರೆಸಿನ್ನಿನಲ್ಲಿ ಬೇಕಿತ್ತು. ಮರಕ್ಕೆ ನೇರವಾಗಿ ರೆಸಿನ್ ಹೊಯ್ದರೆ ಕಚ್ಚಿಕೊಂಡುಬಿಡುತ್ತದೆ, ಅಜ್ಜಿಯ ಮರವೂ ಹೋಗುತ್ತದೆ. ಅದಕ್ಕೆ ಮೊದಲು ಸಕ್ಕರೆ ಗಿಳಿ ಮಾಡಿದೆ. ಅದನ್ನು ಸ್ವೀಟಿನ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒಂದು ಹನಿ ಫೆವಿಕಾಲ್ ಹಾಕಿ ಕೂರಿಸಿದೆ. ಸುತ್ತಲೂ, ತಲೆಯ ಮೇಲೂ ಬೆರಳಗಲ ಜಾಗ ಬಿಟ್ಟೆ. ಇದರ ಮೇಲೆ ಹೊಯ್ಯುವುದು ಸಿಲಿಕೋನ್, ರಬ್ಬರಿನಂತೆ ಗಟ್ಟಿಯಾಗುವ ದ್ರವ. ಅದು ಎಷ್ಟು ಬೇಕು ಅಂತ ಅಳೆಯಲು ಎಲ್ಲರೂ ನೀರು ಸುರಿದು ನೋಡುತ್ತಾರೆ. ಇಲ್ಲಿ ಒಳಗಿರುವುದು ಸಕ್ಕರೆ. ಅದಕ್ಕೆ ರಾಗಿ ಸುರಿದು, ಆ ರಾಗಿಯನ್ನು ಲೋಟಕ್ಕೆ ಬಗ್ಗಿಸಿ ಅಳೆದೆ. ಆಮೇಲೆ ಸಿಲಿಕೋನನ್ನು ಡಬ್ಬಿಯ ಒಂದೇ ಮೂಲೆಗೆ ತೆಳ್ಳಗೆ ದಾರದ ಹಾಗೆ ಬಿಟ್ಟೆ. ಅದು ತಾನೇ ಹರಿದು ಬಂದು ಗಿಳಿಯ ಕಾಲು, ರೆಕ್ಕೆ, ಕೊಕ್ಕು ಮುಚ್ಚಿಕೊಂಡರೆ ಗುಳ್ಳೆ ಕಡಿಮೆ. ಮಾರನೆಯ ದಿನ ಡಬ್ಬಿಯಿಂದ ತೆಗೆದು ಕೆಳಗಿನಿಂದ ಬಿಸಿನೀರು ಬಿಟ್ಟೆ. ಸಕ್ಕರೆ ಕರಗಿಹೋಯಿತು. ಸಿಲಿಕೋನಿನೊಳಗೆ ಗಿಳಿಯ ಆಕಾರದ ಗವಿ ಉಳಿಯಿತು. ಅದು ಚೆನ್ನಾಗಿ ಒಣಗಿದ ಮೇಲೆ ರೆಸಿನ್ ಹೊಯ್ದೆ. ಬಂದ ಗಿಳಿಯ ಮೈಮೇಲೆ ಸಕ್ಕರೆಯ ಸಣ್ಣ ತರಿ ಕೂಡ ಹಾಗೇ ಇದೆ. ಕೈಯಾಡಿಸಿದರೆ ಗೊತ್ತಾಗುತ್ತದೆ. ಅದನ್ನು ನೋಡಿದಾಗ ಆದ ಸಂತೋಷ ಹೇಳಲಾರೆ.

ಈಗ ಲೆಕ್ಕ ಹಾಕಿ. ಮರದ್ದು ಅಚ್ಚು. ಅದರಿಂದ ಬಂದ ಸಕ್ಕರೆಯದ್ದೂ ಅಚ್ಚು. ಎಳ್ಳುಬೆಲ್ಲದ ಜೊತೆ ಬೀರುವಾಗ ನಾವೆಲ್ಲ ‘ಸಕ್ಕರೆ ಅಚ್ಚು’ ಅಂತಲೇ ಕೊಡುವುದು, ಅಲ್ವಾ? ಸಿಲಿಕೋನಿನದ್ದು ಮತ್ತೆ ಅಚ್ಚು. ಸಾಲದ್ದಕ್ಕೆ ರೆಸಿನ್ ಗಿಳಿಯನ್ನೂ ಒಬ್ಬರು ‘ಅಚ್ಚು ಚೆನ್ನಾಗಿ ಬಂದಿದೆ’ ಅಂದರು. ನಾಲ್ಕು ವಸ್ತು, ಒಂದೇ ಪದ.

ಇದರಿಂದ ನಿಜಕ್ಕೂ ತೊಂದರೆ ಆಯಿತು. ಕೈಪಿಡಿಯ ಮೊದಲ ಸಾಲಿನಲ್ಲಿ ‘ಅಚ್ಚನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ’ ಅಂತ ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಮರದ್ದು. ಓದಿದವರಲ್ಲಿ ಒಬ್ಬರ ಮನೆಯಲ್ಲಿ ಮರದ್ದು ಇರಲೇ ಇಲ್ಲ. ಅವರು ಗಾಂಧಿಬಜಾರಿನಲ್ಲಿ ಸಕ್ಕರೆ ಅಚ್ಚು ಕೊಂಡು ತಂದಿದ್ದರು. ಅವರ ಪಾಲಿಗೆ ಅಚ್ಚು ಅಂದರೆ ಅದೇ. ಬರೆದ ಹಾಗೇ ಮಾಡಿದರು. ಬೆಳಿಗ್ಗೆ ಪಾತ್ರೆಯಲ್ಲಿ ಸಿಹಿನೀರು ಮಾತ್ರ ಇತ್ತು. ಅವರು ಬೇಜಾರಿನಲ್ಲಿ ಫೋನ್ ಮಾಡಿದಾಗ ತಪ್ಪು ನನ್ನ ವಾಕ್ಯದ್ದು ಅಂತ ನನಗೆ ಸ್ಪಷ್ಟವಾಗಿತ್ತು.

ಯೋಚಿಸಿದರೆ ಕನ್ನಡದಲ್ಲಿ ಅಚ್ಚು ಎರಡೂ ಕಡೆ ಸಲ್ಲುವ ಪದ. ಒತ್ತುವುದೂ ಅಚ್ಚು, ಒತ್ತಿದ ಗುರುತೂ ಅಚ್ಚು. ‘ಅಚ್ಚಳಿಯದ ನೆನಪು’ ಅನ್ನುವಾಗ ಅಳಿಯದೆ ಇರುವುದು ಗುರುತು. ‘ಇಟ್ಟಿಗೆ ಅಚ್ಚು’ ಅಂದಾಗ ಅದು ಮಣ್ಣು ತುಂಬುವ ಚೌಕಟ್ಟು. ಬೆಲ್ಲದ ಅಚ್ಚು ಅಂದರೆ ತಿನ್ನುವ ಬೆಲ್ಲ. ಮಾತಿನಲ್ಲಿ ಇದು ಯಾರಿಗೂ ಅಡ್ಡಿಯಲ್ಲ, ವಸ್ತು ಕಣ್ಣೆದುರಿಗೇ ಇರುತ್ತದೆ. ಕಾಗದದ ಮೇಲೆ ಬಂದಾಗಲೇ ಕಷ್ಟ.

ಅಚ್ಚುಕೂಟದವರು ಈ ಕಷ್ಟವನ್ನು ಮುಂಚೆಯೇ ಬಿಡಿಸಿಕೊಂಡಿದ್ದರು. ಸೀಸದ ಅಕ್ಷರಕ್ಕೆ ಮೊಳೆ. ತಿದ್ದಲು ತೆಗೆದ ಹಾಳೆಗೆ ಕರಡಚ್ಚು. ಒಂದೊಂದು ಹಂತಕ್ಕೂ ಒಂದೊಂದು ಹೆಸರು. ಉತ್ತರ ಕರ್ನಾಟಕದಲ್ಲೂ ಗೊಂದಲ ಕಡಿಮೆ. ನಮ್ಮ ಗುಂಪಿನಲ್ಲಿ ಹುಬ್ಬಳ್ಳಿಯ ಅಕ್ಕ ಒಬ್ಬರಿದ್ದಾರೆ. ಗೌರಿ ಹುಣ್ಣಿಮೆಗೆ ಅವರ ಕಡೆ ಇದೇ ಥರದ ಮರದಲ್ಲಿ ಸಕ್ಕರೆ ಹೊಯ್ಯುತ್ತಾರೆ. ಬಂದ ಗೊಂಬೆಗೆ ಅವರು ‘ಸಕ್ಕರಿ ಆರತಿ’ ಅನ್ನುತ್ತಾರೆ. ಅಚ್ಚು ಅಂದರೆ ಅವರಿಗೆ ಮರ ಮಾತ್ರ. ಆ ಸಾಲನ್ನು ಅವರು ಓದಿದ್ದರೆ ತಪ್ಪು ಮಾಡುತ್ತಲೇ ಇರಲಿಲ್ಲ.

ಸದ್ಯಕ್ಕೆ ನಾನು ಹೀಗೆ ಬರೆದುಕೊಂಡಿದ್ದೇನೆ. ಟೊಳ್ಳಾಗಿದ್ದು ಹೊಯ್ಯಿಸಿಕೊಳ್ಳುವುದು ‘ಅಚ್ಚು’. ಯಾವುದರ ಮೇಲೆ ಅಚ್ಚು ತೆಗೆಯುತ್ತೇವೋ ಅದು ‘ಮೂಲ’. ಕೊನೆಗೆ ಬರುವುದು ‘ಪಡಿಯಚ್ಚು’. ಪಡಿನೆಳಲು, ಪಡಿನುಡಿ ಇದ್ದ ಹಾಗೆ, ಒಂದಕ್ಕೆ ಸರಿಸಾಟಿಯಾಗಿ ಬಂದದ್ದು ಅನ್ನುವ ಅರ್ಥ ಹೊಂದುತ್ತದೆ. ‘ಮಗ ಅಪ್ಪನ ಪಡಿಯಚ್ಚು’ ಅಂತ ಎಲ್ಲರೂ ಅನ್ನುತ್ತೇವಲ್ಲ. ಆದರೆ ಒಂದು ಅನುಮಾನ. ಪದದೊಳಗೇ ‘ಅಚ್ಚು’ ಕೂತಿದೆ. ಅವಸರದಲ್ಲಿ ಓದುವವರು ಇದನ್ನು ಇನ್ನೊಂದು ಅಚ್ಚು, ಅಂದರೆ ಎರಡು ಭಾಗದ ಅಚ್ಚಿನಲ್ಲಿ ಎರಡನೆಯದು ಅಂದುಕೊಳ್ಳಬಹುದೇ?

ಇನ್ನೊಂದು ದಾರಿ ‘ಎರಕ’. ಲೋಹದ ಕೆಲಸದವರಿಗೆ ಇದು ರೂಢಿಯ ಪದ. ಕಲ್ಯಾಣದ ಚಾಲುಕ್ಯ ಅರಸ 3ನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ವಿವರ ಸಂಸ್ಕೃತದಲ್ಲಿದೆ. ಮೇಣದಲ್ಲಿ ವಿಗ್ರಹ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಜಾಗಕ್ಕೆ ಲೋಹ ಹೊಯ್ಯುವುದು. ನನ್ನ ಸಕ್ಕರೆ ಗಿಳಿ ಮಾಡಿದ್ದೂ ಆ ಮೇಣದ ಕೆಲಸವನ್ನೇ. ವ್ಯತ್ಯಾಸ ಒಂದೇ. ಅಲ್ಲಿ ಮಣ್ಣಿನ ಅಚ್ಚನ್ನು ಒಡೆಯಲೇಬೇಕು, ಇಲ್ಲಿ ಸಿಲಿಕೋನ್ ಉಳಿಯುತ್ತದೆ, ಇನ್ನಷ್ಟು ಗಿಳಿ ತೆಗೆಯಬಹುದು. ಆದರೆ ಎರಕ ಅಂದರೆ ನನ್ನ ಕಿವಿಗೆ ಮೊದಲು ಕೇಳುವುದು ಹೊಯ್ಯುವ ಕೆಲಸ. ಬಂದ ವಸ್ತುವಿಗೂ ಎರಕ ಅನ್ನುತ್ತಾರಾ? ನಾಗಮಂಗಲದ ಕಡೆ ವಿಗ್ರಹ ಮಾಡುವವರ ಮಾತು ಕೇಳಿದವರು ಇದ್ದರೆ ದಯವಿಟ್ಟು ತಿಳಿಸಿ.

ಎರೆ, ಹೊಯ್ಯಿ ಎರಡರಲ್ಲಿ ಯಾವುದು ಅನ್ನುವ ಪ್ರಶ್ನೆಯೂ ಬಂತು. ಮಂಗಳೂರು ಕಡೆಯವರು ದೋಸೆ ಎರೆಯುತ್ತಾರೆ, ನಾವು ಹುಯ್ಯುತ್ತೇವೆ. ಎರಿಯಪ್ಪ ತಿನ್ನುವ ನಮಗೆ ಎರೆ ಗೊತ್ತಿಲ್ಲದ್ದೇನಲ್ಲ. ಆದರೂ ಬೆಂಗಳೂರಿನವರ ಕೈಗೆ ‘ಹೊಯ್ಯಿ’ ಹತ್ತಿರ. ಅದನ್ನೇ ಇಟ್ಟುಕೊಂಡಿದ್ದೇನೆ.

ಈಗ ಹೆಪ್ಪು. ಇದು ನನ್ನನ್ನು ಜಾಸ್ತಿ ಕಾಡಿದ್ದು.

ರೆಸಿನ್ ಗಟ್ಟಿಯಾಗಲು ಅದಕ್ಕೆ ಬೆರೆಸುವ ಎರಡನೆಯ ದ್ರವ, ಅಂದರೆ ಹಾರ್ಡನರ್‌ಗೆ ‘ಹೆಪ್ಪು’ ಅಂತ ಬರೆದಿದ್ದೆ. ತುಂಬಾ ಚೆನ್ನಾಗಿದೆ ಅನ್ನಿಸಿತ್ತು. ಹಾಲಿಗೆ ಹೆಪ್ಪು ಹಾಕಿದರೆ ಗಟ್ಟಿ ಮೊಸರು, ರೆಸಿನ್ನಿಗೆ ಹೆಪ್ಪು ಹಾಕಿದರೆ ಗಟ್ಟಿ ರೆಸಿನ್. ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಜನವರಿಯ ಒಂದು ಭಾನುವಾರ ತುಂಬಾ ಚಳಿ ಇತ್ತು. ಒಬ್ಬರು ‘ಚಳಿಗೆ ಬೇಗ ಆಗಲ್ಲ’ ಅಂತ ಎರಡು ಚಮಚ ಹೆಪ್ಪು ಜಾಸ್ತಿ ಹಾಕಿದರು. ಮೊಸರಿಗೆ ನಾವೆಲ್ಲ ಚಳಿಗಾಲದಲ್ಲಿ ಮಾಡುವುದು ಅದೇ ತಾನೆ? ಮೂರು ದಿನ ಕಳೆದರೂ ಅವರ ಫಲಕ ಗಟ್ಟಿಯಾಗಲಿಲ್ಲ. ಬೆರಳಿಟ್ಟರೆ ಅಂಟು, ಒತ್ತಿದರೆ ರಬ್ಬರಿನಂತೆ ಬಾಗುವುದು. ಒಳಗೆ ಮಗಳ ಮದುವೆಯ ಹೂವಿನ ಎಸಳುಗಳನ್ನು ಒಣಗಿಸಿ ಇಟ್ಟಿದ್ದರು. ಅವು ಮತ್ತೆ ಸಿಗುವಂಥವಲ್ಲ.

ನಾವು ಬಳಸುವುದು ಎಪಾಕ್ಸಿ ಅನ್ನುವ ಬಗೆಯ ರೆಸಿನ್. ಅದರಲ್ಲಿ ಹಾರ್ಡನರ್ ಮಾಡುವುದು ಹೆಪ್ಪಿನ ಕೆಲಸವಲ್ಲ. ಹೆಪ್ಪು ಒಂದು ಬೀಜದ ಹಾಗೆ. ಚಿಟಿಕೆಯಷ್ಟಿದ್ದರೂ ಬೆಳೆದು ಇಡೀ ಪಾತ್ರೆಯನ್ನು ಮೊಸರು ಮಾಡುತ್ತದೆ. ಹಾರ್ಡನರ್ ಬೆಳೆಯುವುದಿಲ್ಲ. ಅದರ ಒಂದೊಂದು ಕಣವೂ ರೆಸಿನ್ನಿನ ಕಣಗಳ ಕೈ ಹಿಡಿದು ಗಟ್ಟಿಯಾಗಬೇಕು. ಜಾಸ್ತಿ ಹಾಕಿದರೆ ಜೊತೆ ಸಿಗದವು ಹಾಗೇ ಒದ್ದೆಯಾಗಿ ಉಳಿಯುತ್ತವೆ. ಕಡಿಮೆ ಹಾಕಿದರೂ ಅಷ್ಟೇ. ನಾವು ಬಳಸುವ ರೆಸಿನ್ನಿಗೆ ಎರಡು ಪಾಲಿಗೆ ಒಂದು ಪಾಲು ಅಂತ ಬಾಟಲಿಯ ಮೇಲೇ ಬರೆದಿದೆ. ಅದರಲ್ಲಿ ಕೈಯಳತೆ ನಡೆಯುವುದಿಲ್ಲ. ಚಳಿಗೆ ಮಾಡಬೇಕಾದ್ದು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಕೋಣೆ ಬೆಚ್ಚಗೆ ನೋಡಿಕೊಳ್ಳುವುದು ಅಷ್ಟೇ.

ಆದರೆ ಅಚ್ಚು ಮಾಡುವ ಸಿಲಿಕೋನಿಗೆ ಹೆಪ್ಪು ಅನ್ನುವುದು ಸರಿಹೋಗುತ್ತದೆ! ನಾನು ತಂದ ಡಬ್ಬಿಯಲ್ಲಿ 100 ಗ್ರಾಂ ಸಿಲಿಕೋನಿಗೆ 3 ಗ್ರಾಂ ದ್ರವ ಬೆರೆಸಬೇಕು. ಸ್ವಲ್ಪ ಹೆಚ್ಚಾದರೆ ಬೇಗ ಗಟ್ಟಿಯಾಗುತ್ತದೆ, ತೀರಾ ಹೆಚ್ಚಾದರೆ ಅಚ್ಚು ಬೇಗ ಪೆಡಸಾಗಿ ಹರಿದುಹೋಗುತ್ತದೆ. ಹೆಪ್ಪು ಜಾಸ್ತಿಯಾದ ಮೊಸರು ಹುಳಿ ಬಂದ ಹಾಗೆ. ಸಮ ಸಮ ಬೆರೆಸುವ ಇನ್ನೊಂದು ಬಗೆಯ ಸಿಲಿಕೋನಿಗೆ ಮಾತ್ರ ಈ ಪದ ಬೇಡ.

ಹಾಗಾದರೆ ಎಪಾಕ್ಸಿಯ ಹಾರ್ಡನರ್‌ಗೆ ಏನನ್ನಬೇಕು? ‘ಗಟ್ಟಿಕಾರಕ’ ಅಂತ ಒಬ್ಬರು ಸೂಚಿಸಿದರು. ಅದರಲ್ಲೂ ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿ ಅನ್ನುವ ಆಸೆ ಹುಟ್ಟುತ್ತದೆ. ನನಗೆ ಹೊಳೆದದ್ದು ‘ಜೋಡಿ’. ರೆಸಿನ್ ಎರಡು ಪಾಲು, ಜೋಡಿ ಒಂದು ಪಾಲು. ನಲ್ಲಿ ಸೋರಿದಾಗ ಎಂ-ಸೀಲ್ ತಂದು ಎರಡು ಉಂಡೆಯನ್ನೂ ಸಮ ಸಮ ಕಲಸುವುದು ಎಲ್ಲರಿಗೂ ರೂಢಿ ಇದೆ. ಅದೂ ಎಪಾಕ್ಸಿಯೇ. ‘ಜೋಡಿ’ ಅಂದರೆ ಆ ಅಭ್ಯಾಸ ಕೈಗೆ ನೆನಪಾಗಬಹುದು ಅನ್ನುವ ಆಸೆ. ನಿಮಗೆ ಇದು ಒಪ್ಪಿಗೆಯೇ, ಇಲ್ಲ ‘ಹಾರ್ಡನರ್’ ಅಂತಲೇ ಬಿಡುವುದು ಒಳ್ಳೆಯದೇ?

ರೆಸಿನ್ನಿಗೆ ‘ರಾಳ’ ಬೇಡ ಅಂತ ನಿರ್ಧರಿಸಿದ್ದೇನೆ. ರಾಳ ಅಂದರೆ ಮರದಿಂದ ಒಸರುವುದು, ಧೂಪಕ್ಕೆ ಹಾಕುವುದು. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಹುಳುವಿನಿಂದ ಬರುವುದು. ಇವೆರಡನ್ನೂ ಹೆದರದೆ ಮುಟ್ಟಬಹುದು. ಎಪಾಕ್ಸಿಗೆ ಕೈಗವಸು ಹಾಕಿಕೊಳ್ಳಲೇಬೇಕು, ಕಿಟಕಿ ತೆಗೆದಿರಲೇಬೇಕು. ಹೊಸ ವಸ್ತು ಅಂತ ಹೆಸರೇ ಹೇಳಲಿ.

ನಿಮ್ಮ ಊರಿನಲ್ಲಿ ಸಕ್ಕರೆ ಹೊಯ್ಯುವ ಆ ಮರಕ್ಕೆ ಅಚ್ಚು ಬಿಟ್ಟು ಬೇರೆ ಹೆಸರು ಇದೆಯೇ? ನಮ್ಮಜ್ಜಿ ಒಮ್ಮೊಮ್ಮೆ ‘ಅಚ್ಚಿನ ಮಣೆ’ ಅನ್ನುತ್ತಿದ್ದ ನೆನಪು. ಕೇಳಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ. ಶನಿವಾರ ಸಂಜೆಯವರೆಗೂ ಕಾಯುತ್ತೇನೆ. ಆಮೇಲೆ ಕೈಪಿಡಿಯ ಎಂಟು ಪ್ರತಿ ಜೆರಾಕ್ಸ್ ಮಾಡಿಸಬೇಕು.