ಕ್ರೋನಿಕ್ ಫೆಟೀಗ್‌ಗೆ ಇಷ್ಟೊಂದು ಸಪ್ಲಿಮೆಂಟ್ ಬೇಕಾ?

ಅಪ್ಪೆಮಿಡಿ:
ನನ್ನ ತಂಗಿಗೆ ಕೋವಿಡ್ ಬಂದು ಹೋದ ಮೇಲೆ ಸುಸ್ತು ಹೋಗಲೇ ಇಲ್ಲ. ಊರೂರು ಅಲೆದ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರು ಇದು ಎಂಇ/ಸಿಎಫ್‌ಎಸ್, ಅಂದರೆ ಕ್ರೋನಿಕ್ ಫೆಟೀಗ್ ಸಿಂಡ್ರೋಮ್ (ಬಹಳ ಕಾಲ ಬಿಡದ ಸುಸ್ತಿನ ಕಾಯಿಲೆ) ಅಂತ ಹೇಳಿದರು. ತಲೆಸ್ನಾನ ಮಾಡಿದ ದಿನ ಅವಳಿಗೆ ಅಡುಗೆ ಮಾಡಲು ಆಗುವುದಿಲ್ಲ. ಹಟಕ್ಕೆ ಬಿದ್ದು ಎರಡನ್ನೂ ಮಾಡಿದರೆ ಮಾರನೇ ದಿನ ಹಾಸಿಗೆಯಿಂದ ಏಳುವುದೇ ಇಲ್ಲ. ಈಗ ನೆಂಟರೊಬ್ಬರು ಪಟ್ಟಿ ಕಳಿಸಿದ್ದಾರೆ: ಕೋಕ್ಯೂ10 (ಜೀವಕೋಶ ಶಕ್ತಿ ತಯಾರಿಸಲು ಬಳಸುವ ಒಂದು ವಸ್ತು), ಮೆಗ್ನೀಸಿಯಂ, ಡಿ-ರೈಬೋಸ್ (ಒಂದು ಬಗೆಯ ಸಕ್ಕರೆ) ಪುಡಿ, ಬಿ ಕಾಂಪ್ಲೆಕ್ಸ್, ವಿಟಮಿನ್ ಡಿ, ಅಶ್ವಗಂಧ. ಎಲ್ಲಾ ಸೇರಿ ತಿಂಗಳಿಗೆ ಆರು ಸಾವಿರದ ಹತ್ತಿರ ಆಗುತ್ತದೆ. ಅವಳ ಸಂಬಳ ನಿಂತಿದೆ. ದುಡ್ಡು ನಾನು ಹಾಕುತ್ತೇನೆ, ಅದಲ್ಲ ಪ್ರಶ್ನೆ. ಇದರಲ್ಲಿ ಯಾವುದಾದರೂ ನಿಜವಾಗಿ ಕೆಲಸ ಮಾಡುತ್ತದಾ?

ಬಿಸಿಲೂರು:
ನಾನೂ ಇದೇ ಕಾಯಿಲೆಯವನು. ಕೋಕ್ಯೂ10 ತಗೊಳ್ಳುತ್ತೇನೆ, ಬಿಡುವ ಯೋಚನೆ ಇಲ್ಲ. ಮುಂಚೆ ಪೇಪರ್ ಓದುವಾಗ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮೊದಲನೇ ಸಾಲು ಮರೆತು ಹೋಗುತ್ತಿತ್ತು. ಈಗ ಒಂದು ಸುದ್ದಿ ಪೂರ್ತಿ ಓದಿ ಮುಗಿಸುತ್ತೇನೆ. ಸುಮ್ನೆ ನಂಬಿಕೆ ಅಂತ ತಳ್ಳಿಹಾಕಬೇಡಿ. ಬಾರ್ಸಿಲೋನಾದ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2021ರಲ್ಲಿ ವರದಿ ಕೊಟ್ಟಿದ್ದಾರೆ. ಇನ್ನೂರಕ್ಕೂ ಹೆಚ್ಚು ರೋಗಿಗಳು. ಕೆಲವರಿಗೆ ದಿನಕ್ಕೆ 200 ಮಿ.ಗ್ರಾಂ ಕೋಕ್ಯೂ10, ಜೊತೆಗೆ 20 ಮಿ.ಗ್ರಾಂ ಎನ್‌ಎಡಿಎಚ್ (ಅದೂ ಜೀವಕೋಶದ ಶಕ್ತಿಗೆ ಬೇಕಾದ ವಸ್ತು). ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. 8 ವಾರ ನಿಜವಾದ ಮಾತ್ರೆ ತಗೊಂಡವರ ತಲೆಯ ಸುಸ್ತು ಕಡಿಮೆಯಾಗಿತ್ತು. ಈ ಕಾಯಿಲೆಗೆ ಅಂತಲೇ ಒಪ್ಪಿಗೆ ಪಡೆದ ಔಷಧಿ ಒಂದೂ ಇಲ್ಲ. ಹಾಗಿರುವಾಗ ಇದನ್ನೂ ಬೇಡ ಅಂದರೆ ನಾವು ಏನು ಮಾಡಬೇಕು?

ಔಷಧಿ ಅಂಗಡಿ:
ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಇವನ್ನು ಮಾರಿದರೆ ನನಗೇ ಲಾಭ, ಆದರೂ ಹೇಳುತ್ತೇನೆ: ಪಟ್ಟಿ ಪಕ್ಕಕ್ಕಿಡಿ, ಮೊದಲು ರಕ್ತ ಪರೀಕ್ಷೆಯ ರಿಪೋರ್ಟ್ ತೆಗೆದು ನೋಡಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡುವ ಟಿಎಸ್‌ಎಚ್, ಶುಗರ್. ಇಷ್ಟೂ ಆಗಿದೆಯಾ? ಬರೀ ಹಿಮೋಗ್ಲೋಬಿನ್ ನೋಡಿ "ರಕ್ತ ಸರಿ ಇದೆ" ಅಂತ ಕಳಿಸಿಬಿಡುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದರೂ ಒಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಅದು ಗೊತ್ತಾಗುವುದು ಫೆರಿಟಿನ್‌ನಲ್ಲಿ. ಸಸ್ಯಾಹಾರಿಗಳಲ್ಲಿ ಬಿ12 ಕಮ್ಮಿ ಇರುವುದು ತೀರಾ ಸಾಮಾನ್ಯ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್ ಅಂತ ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುತ್ತದೆ. ಕೊರತೆ ಇದ್ದರೆ ಅದನ್ನು ತುಂಬಲೇಬೇಕು, ಅದು ಚಿಕಿತ್ಸೆ. ಕೊರತೆ ಇಲ್ಲದವರಿಗೆ ಮೇಲಿಂದ ಸುರಿದರೆ ಸುಸ್ತು ಹೋಗುತ್ತದೆ ಅನ್ನುವುದು ಬೇರೆ ಮಾತು.

ನುಗ್ಗೆಸೊಪ್ಪು:
ಮಾತ್ರೆ ಯಾಕೆ? ರಾಗಿ ಮುದ್ದೆ, ನುಗ್ಗೆಸೊಪ್ಪು, ಬೆಲ್ಲ ತಿನ್ನಿಸಿ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಕಳಿಸಿ. ಮಲಗಿದಷ್ಟೂ ಸುಸ್ತು ಜಾಸ್ತಿ. ನಮ್ಮ ಕಾಲದಲ್ಲಿ ಈ ಹೆಸರಿನ ಕಾಯಿಲೆಯೇ ಇರಲಿಲ್ಲ.

ಕೆಂಪು ದಾಸವಾಳ:
ನುಗ್ಗೆಸೊಪ್ಪು ಅವರೇ, ನೀವು ಪ್ರೀತಿಯಿಂದಲೇ ಹೇಳಿದ್ದೀರಿ. ಆದರೆ ವಾಕಿಂಗ್ ವಿಷಯದಲ್ಲಿ ನಾನು ಸುಮ್ಮನಿರಲಾರೆ. ನಂಗೆ ಡೆಂಗ್ಯೂ ಆದ ಮೇಲೆ ಈ ಕಾಯಿಲೆ ಹಿಡಿಯಿತು. ಎಲ್ಲರೂ "ನಡಿ, ನಡಿ" ಅಂದರು. ನಡೆದೆ. ಕೊನೆಗೆ ಮನೆಯ ಮೆಟ್ಟಿಲು ಇಳಿಯುವುದೂ ಕಷ್ಟವಾಯಿತು. ಈ ಕಾಯಿಲೆಯ ಮುಖ್ಯ ಗುರುತೇ ಅದು: ಶಕ್ತಿ ಮೀರಿ ಏನಾದರೂ ಮಾಡಿದರೆ ಕೆಲವು ಗಂಟೆಯ ಮೇಲೋ, ಮಾರನೇ ದಿನವೋ ಪೂರ್ತಿ ಕುಸಿಯುವುದು. ಮೈ ನೋವು, ತಲೆ ಮಂಕು, ಬೆಳಕು ಸದ್ದು ತಡೆಯಲಾಗದ ಸ್ಥಿತಿ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಈ ಕುಸಿತವನ್ನು ರೋಗ ಗುರುತಿಸಲು ಇರಲೇಬೇಕಾದ ಲಕ್ಷಣ ಅಂತ ಬರೆಯಿತು. ದಿನದಿನಕ್ಕೂ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು ಬ್ರಿಟನ್‌ನಲ್ಲಿ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಅಪ್ಪೆಮಿಡಿಯವರು ಬರೆದ ತಲೆಸ್ನಾನ, ಅಡುಗೆಯ ಮಾತು ಓದಿದಾಗಲೇ ನನಗೆ ಗೊತ್ತಾಯಿತು. ಇದು ಸೋಮಾರಿತನ ಅಲ್ಲ.

ಇನ್ನು "ನಮ್ಮ ಕಾಲದಲ್ಲಿ ಇರಲಿಲ್ಲ" ಅನ್ನುವ ಮಾತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನರಸಂಬಂಧಿ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 1969ರಲ್ಲಿ.

ನುಗ್ಗೆಸೊಪ್ಪು:
ವಾಕಿಂಗ್ ಮಾಡಿದರೆ ಕುಸಿಯುತ್ತಾರೆ ಅನ್ನುವುದು ನನಗೆ ಹೊಸ ವಿಷಯ. ಅವರಿಗೆ ಒತ್ತಾಯ ಮಾಡಬೇಡಿ ಹಾಗಾದರೆ. ಆದರೆ ಊಟದ ಮಾತು ಬಿಡುವುದಿಲ್ಲ.

ಔಷಧಿ ಅಂಗಡಿ:
ಊಟ ಖಂಡಿತ ಬೇಕು. ಒಂದು ಮಾತು ಮಾತ್ರ: ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಕಬ್ಬಿಣ ಜನ ಅಂದುಕೊಂಡಷ್ಟಿಲ್ಲ. ಫೆರಿಟಿನ್ ತಳ ಹಿಡಿದಿದ್ದರೆ ಬರೀ ಊಟದಿಂದ ಮೇಲೆ ತರುವುದು ಬಹಳ ನಿಧಾನ. ಊಟವಾದ ಕೂಡಲೇ ಕಾಫಿ ಟೀ ಕುಡಿದರೆ ಇದ್ದ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದರ ಬದಲು ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು.

ಬಿಸಿಲೂರು:
ಎಲ್ಲರೂ ಕೊರತೆ ಕೊರತೆ ಅನ್ನುತ್ತಿದ್ದೀರಿ. ನನ್ನ ರಿಪೋರ್ಟ್ ಎಲ್ಲಾ ನಾರ್ಮಲ್. ಆದರೂ ಸುಸ್ತು. ನಮ್ಮಂಥವರ ಜೀವಕೋಶದಲ್ಲಿ ಶಕ್ತಿ ತಯಾರಾಗುವ ಜಾಗದಲ್ಲೇ ತೊಂದರೆ ಇರಬಹುದು ಅಂತ ಸಂಶೋಧಕರು ಹುಡುಕುತ್ತಿದ್ದಾರೆ. ಕೋಕ್ಯೂ10 ಕೆಲಸ ಮಾಡುವುದೂ ಅಲ್ಲೇ. ಹಾಗಾಗಿ ಇದು ತರ್ಕಕ್ಕೆ ನಿಲ್ಲುತ್ತದೆ.

ಕೆಂಪು ದಾಸವಾಳ:
ತರ್ಕಕ್ಕೆ ನಿಲ್ಲುವುದು ಬೇರೆ, ಪರೀಕ್ಷೆಯಲ್ಲಿ ನಿಲ್ಲುವುದು ಬೇರೆ ಅಲ್ವಾ? ನೀವು ಹೇಳಿದ ಬಾರ್ಸಿಲೋನಾ ವರದಿಯನ್ನೇ ತಗೊಳ್ಳಿ. ಅಲ್ಲಿ ಮುಖ್ಯವಾಗಿ ತೋರಿಸಿದ್ದು ಮಾತ್ರೆ ತಗೊಂಡವರು ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಅನ್ನುವ ಹೋಲಿಕೆ. ಅದೂ ಪ್ರಶ್ನೆಗಳಿಗೆ ಅವರೇ ಕೊಟ್ಟ ಅಂಕಗಳಲ್ಲಿ. ಎರಡು ವಸ್ತು ಸೇರಿಸಿ ಕೊಟ್ಟಿದ್ದರಿಂದ ಕೋಕ್ಯೂ10 ಒಂದರಿಂದಲೇ ಆಯಿತು ಅಂತಲೂ ಹೇಳುವ ಹಾಗಿಲ್ಲ. ಡಿ-ರೈಬೋಸ್ ಕಥೆ ಇನ್ನೂ ಬಡವಾಗಿದೆ. 2006ರ ಆ ಪ್ರಯೋಗದಲ್ಲಿ 41 ಜನ, ಹೋಲಿಕೆಗೆ ಬೇರೆ ಗುಂಪೇ ಇರಲಿಲ್ಲ. ಮೆಗ್ನೀಸಿಯಂ ಹೆಸರು ಬಂದಿದ್ದು 1991ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಬ್ರಿಟಿಷ್ ಅಧ್ಯಯನದಿಂದ. 32 ರೋಗಿಗಳು, ಅವರಿಗೆ ಕೊಟ್ಟಿದ್ದು ಇಂಜೆಕ್ಷನ್, ಮಾತ್ರೆ ಅಲ್ಲ. ಆಮೇಲೆ ಬೇರೆಯವರು ನೋಡಿದಾಗ ರೋಗಿಗಳಲ್ಲಿ ಮೆಗ್ನೀಸಿಯಂ ಕಮ್ಮಿ ಇದೆ ಅನ್ನುವುದೇ ಸಿಗಲಿಲ್ಲ.

ನಿಮಗೆ ಹಿಡಿಸಿದ್ದರೆ ಖಂಡಿತ ಮುಂದುವರಿಸಿ. ಪೇಪರ್ ಓದಲು ಆಗುತ್ತಿದೆ ಅನ್ನುವ ಸಂತೋಷ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಆದರೆ ಹೊಸಬರಿಗೆ ಆರು ಡಬ್ಬಿ ಒಟ್ಟಿಗೆ ಕೊಡಿಸಬೇಡಿ. ಮೇಲಾಗಿ ಹೊಟ್ಟೆ ಕೆಟ್ಟರೆ, ಎದೆ ಹೊಡೆದುಕೊಂಡರೆ, ಯಾವುದರಿಂದ ಅಂತ ಹೇಗೆ ಹುಡುಕುವುದು?

ಬಿಸಿಲೂರು:
ಒಂದೊಂದೇ ಶುರು ಮಾಡಬೇಕು ಅನ್ನುವುದನ್ನು ಒಪ್ಪುತ್ತೇನೆ. ನಾನೂ ಹಾಗೇ ಮಾಡಿದ್ದು. ಆದರೆ ದೊಡ್ಡ ಪ್ರಯೋಗ ಆಗಿಲ್ಲ ಅಂದರೆ ಪ್ರಯೋಜನ ಇಲ್ಲ ಅಂತ ಅರ್ಥ ಅಲ್ಲ. ಈ ಕಾಯಿಲೆಗೆ ಯಾರೂ ದುಡ್ಡು ಹಾಕಿಲ್ಲ, ಅದಕ್ಕೇ ಪ್ರಯೋಗಗಳು ಚಿಕ್ಕವು. ನಾವು ಕಾಯುತ್ತಾ ಕೂತರೆ ಆಯಸ್ಸೇ ಮುಗಿಯುತ್ತದೆ.

ಕೆಂಪು ದಾಸವಾಳ:
ಆ ನೋವಿನ ಮಾತಿಗೆ ನನ್ನ ಹತ್ತಿರ ಎದುರು ಉತ್ತರ ಇಲ್ಲ.

ಔಷಧಿ ಅಂಗಡಿ:
ಜಾಸ್ತಿ ಆದರೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ವಿಟಮಿನ್ ಡಿ 60,000 ಯೂನಿಟ್ ಸ್ಯಾಶೆ ವಾರಕ್ಕೊಂದು ಅಂತ ಚೀಟಿಯಲ್ಲಿ ಇರುತ್ತದೆ, ದಿನಕ್ಕೊಂದು ಹಾಲಿಗೆ ಹಾಕಿ ಕುಡಿಯುವವರನ್ನು ಕೌಂಟರ್‌ನಲ್ಲಿ ನೋಡುತ್ತಲೇ ಇರುತ್ತೇನೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಿ6 ಹೆಚ್ಚಿನ ಡೋಸ್‌ನಲ್ಲಿ ಬಹಳ ಕಾಲ ತಗೊಂಡರೆ ಕೈಕಾಲು ಜೋಮು ಹಿಡಿಯುತ್ತದೆ, ನರಕ್ಕೆ ತೊಂದರೆ. ಕೂದಲು, ಉಗುರಿಗೆ ಅಂತ ಮಾರುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಲೆಕ್ಕವನ್ನೇ ತಪ್ಪಿಸುತ್ತದೆ. ಅಶ್ವಗಂಧದಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ಆದರೆ ಇವೆ. ಥೈರಾಯ್ಡ್ ಇರುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ಕೋಕ್ಯೂ10 ಕೂಡ ಅಡ್ಡ ಬರಬಹುದು. ಡಬ್ಬಿ ತಿರುಗಿಸಿ ನೋಡಿ, ಸಪ್ಲಿಮೆಂಟ್ ಅಂತ ಮಾರುವ ಬಹಳಷ್ಟು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಕೆಳಗೆ ಬರುವ ಆಹಾರ ಪದಾರ್ಥ, ಔಷಧಿ ಅಲ್ಲ.

ಕೆಂಪು ದಾಸವಾಳ:
ಅಪ್ಪೆಮಿಡಿಯವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ವಿಟಮಿನ್, ಖನಿಜದ ಮಾತ್ರೆಗಳಿಂದ ಈ ಕಾಯಿಲೆ ವಾಸಿಯಾಗುತ್ತದೆ ಅಥವಾ ಲಕ್ಷಣ ಹಿಡಿತಕ್ಕೆ ಬರುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ನೈಸ್ ಮಾರ್ಗಸೂಚಿ ಹೇಳುತ್ತದೆ. ಮನೆಯಿಂದ ಹೊರಗೆ ಬರಲಾಗದವರಿಗೆ ವಿಟಮಿನ್ ಡಿ ಕೊರತೆ ಆಗಬಹುದು ಅಂತಲೂ ಹೇಳುತ್ತದೆ. ಅದನ್ನು ಪರೀಕ್ಷೆ ಮಾಡಿಸಿ.

ಆ ಆರು ಸಾವಿರದಲ್ಲಿ ಒಂದು ಕೆಲಸ ಮಾಡಿ. ದಿನಕ್ಕೆ ಒಂದು ಹೊತ್ತು ಬಂದು ಅಡುಗೆ ಮಾಡಿ, ಬಟ್ಟೆ ಒಗೆದು ಹೋಗುವವರು ಸಿಗುತ್ತಾರಾ ನೋಡಿ. ತಂಗಿ ಸ್ನಾನಕ್ಕೆ ಕೂರಲು ಪ್ಲಾಸ್ಟಿಕ್ ಸ್ಟೂಲ್ ತನ್ನಿ. ನಿಂತು ಸ್ನಾನ ಮಾಡುವುದಕ್ಕೂ ಕೂತು ಮಾಡುವುದಕ್ಕೂ ನಮ್ಮಂಥವರಿಗೆ ಅಜಗಜಾಂತರ. ತರಕಾರಿ ಹೆಚ್ಚುವುದನ್ನೂ ಕೂತೇ ಮಾಡಲಿ, ಅರ್ಧಕ್ಕೆ ನಿಲ್ಲಿಸಿ ಮಲಗಲಿ. ನಮ್ಮ ಶಕ್ತಿ ಹಳೇ ಮೊಬೈಲ್ ಬ್ಯಾಟರಿ ಇದ್ದ ಹಾಗೆ, ಪೂರ್ತಿ ಖಾಲಿ ಮಾಡಿದರೆ ಮತ್ತೆ ಏರುವುದಿಲ್ಲ. ಇದನ್ನೇ ಪೇಸಿಂಗ್ ಅನ್ನುತ್ತಾರೆ. ಮಾತ್ರೆ ತಗೊಂಡು ಎರಡು ದಿನ ಹುಷಾರಾದ ಹಾಗೆ ಅನ್ನಿಸಿದಾಗಲೇ ಅಪಾಯ ಜಾಸ್ತಿ. ಬಾಕಿ ಕೆಲಸ ಎಲ್ಲಾ ಒಂದೇ ಸಲ ಮುಗಿಸಲು ಹೋಗಿ ಕುಸಿಯುತ್ತೇವೆ.

ಎದ್ದು ನಿಂತರೆ ತಲೆ ಸುತ್ತಿ ಎದೆ ಡವಗುಟ್ಟುತ್ತದಾ ಅಂತಲೂ ಕೇಳಿ. ನಿಂತ ಹತ್ತು ನಿಮಿಷದಲ್ಲಿ ನಾಡಿ ಮೊದಲಿದ್ದುದಕ್ಕಿಂತ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ಬಿಪಿ ಇಳಿಯದಿದ್ದರೆ, ಅದು ಪಾಟ್ಸ್ (ನಿಂತಾಗ ಎದೆಬಡಿತ ವಿಪರೀತ ಏರುವ ತೊಂದರೆ) ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಬಿಪಿ, ಕಿಡ್ನಿ ತೊಂದರೆ ಇಲ್ಲದಿದ್ದರೆ ಉಪ್ಪು, ನೀರು ಹೆಚ್ಚಿಸಲು ಡಾಕ್ಟರೇ ಹೇಳುತ್ತಾರೆ.

ಬಿಸಿಲೂರು:
ಸ್ಟೂಲ್ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನನ್ನ ಕೋಕ್ಯೂ10 ಮಾತ್ರ ನಾನು ಬಿಡುವುದಿಲ್ಲ.

ಅಪ್ಪೆಮಿಡಿ:
ಹಳೇ ಫೈಲ್ ಹುಡುಕಿದೆ. ಬಿ12, ಫೆರಿಟಿನ್ ಯಾರೂ ಬರೆದೇ ಇರಲಿಲ್ಲ. ಡಾಕ್ಟರನ್ನು ಕೇಳಿ ಮಾಡಿಸಿದೆವು. ಬಿ12 140, ಫೆರಿಟಿನ್ 11. ಎರಡೂ ಕಮ್ಮಿ ಅಂದರು. ಬಿ12 ಇಂಜೆಕ್ಷನ್ ಶುರುವಾಗಿದೆ, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಉಳಿದ ಪಟ್ಟಿ ಸದ್ಯಕ್ಕೆ ಬೇಡ ಅಂತ ತಂಗಿಯೇ ಹೇಳಿದಳು. ಈ ಕೊರತೆ ಸರಿಹೋದರೆ ಕಾಯಿಲೆಯೇ ಹೋಗುತ್ತದಾ?

ಕೆಂಪು ದಾಸವಾಳ:
ಸುಸ್ತಿನಲ್ಲಿ ಕೊರತೆಯ ಪಾಲು ಎಷ್ಟಿದೆಯೋ ಅಷ್ಟು ಇಳಿಯುತ್ತದೆ. ಕೆಲವರಿಗೆ ಅದೇ ದೊಡ್ಡ ಪಾಲು. ಆದರೆ ದುಡಿದ ಮಾರನೇ ದಿನ ಕುಸಿಯುವುದು ಹಾಗೇ ಉಳಿದರೆ ಪೇಸಿಂಗ್ ಬಿಡಬೇಡಿ. ರಿಪೋರ್ಟ್ ಸರಿ ಬಂತು ಅಂತ ಅವಳನ್ನು ಕೆಲಸಕ್ಕೆ ಹಚ್ಚಬೇಡಿ, ದಯವಿಟ್ಟು.

ಔಷಧಿ ಅಂಗಡಿ:
ಕಬ್ಬಿಣದ ಮಾತ್ರೆಯಿಂದ ಹೊಟ್ಟೆ ತೊಳಸಿದರೆ ನಿಲ್ಲಿಸಿಬಿಡಬೇಡಿ. ದಿನ ಬಿಟ್ಟು ದಿನ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ, ಹಾಗೆ ಕೊಟ್ಟರೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಥೈರಾಯ್ಡ್ ಮಾತ್ರೆ ಇದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರ ಇರಲಿ.