‘ಎಕ್ಸಿಕ್ಯೂಟಿವ್ ಫಂಕ್ಷನ್’ ಎಂಬುದಕ್ಕೆ ಮನೆಮಾತಿನ ಪದ ಯಾವುದು?

ಮಾನ್ಯರೇ,

ಪುಣೆಯಲ್ಲಿ ಮಕ್ಕಳ ಮನೋವಿಕಾಸಕ್ಕೆ ಸಂಬಂಧಿಸಿದ ಕೆಲಸದಲ್ಲಿರುವ ನಾನು, ಇಲ್ಲಿನ ಕನ್ನಡ ಮನೆಗಳ ತಾಯ್ತಂದೆಯರಿಗಾಗಿ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸುತ್ತಿದ್ದೇನೆ. ಮಗು ಬೆಳಗ್ಗೆ ಎದ್ದು ಶಾಲೆಯ ಬಸ್ಸು ಹತ್ತುವವರೆಗೆ ಏನೇನನ್ನು ತಾನಾಗಿ ಮಾಡಿಕೊಳ್ಳುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಕೇಳಿ, ಅದರಿಂದ ಮಗುವಿನ ‘ಎಕ್ಸಿಕ್ಯೂಟಿವ್ ಫಂಕ್ಷನ್’ಗಳನ್ನು, ಅಂದರೆ ಕೆಲಸವನ್ನು ತಾನೇ ಹೊಂದಿಸಿಕೊಂಡು ಮುಗಿಸಲು ಬೇಕಾದ ಮನಸ್ಸಿನ ಶಕ್ತಿಗಳನ್ನು, ಅರಿಯುವುದು ಅದರ ಉದ್ದೇಶ. ತೊಡಕು ತಲೆಬರಹದಲ್ಲಿಯೇ ಎದುರಾಗಿದೆ.

ಈ ಹೆಸರಿನಡಿ ಮುಖ್ಯವಾಗಿ ಮೂರು ಶಕ್ತಿಗಳನ್ನು ಎಣಿಸುವುದು, 2000ರಲ್ಲಿ ಮನೋವಿಜ್ಞಾನಿ ಮಿಯಾಕೆ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾದ ಮೇಲೆ ರೂಢಿಯಾಗಿದೆ: ಮನಸ್ಸಿಗೆ ಬಂದದ್ದನ್ನು ಕೂಡಲೇ ಮಾಡದೆ ತಡೆದುಕೊಳ್ಳುವುದು, ಕೆಲಸ ಮುಗಿಯುವತನಕ ಅದಕ್ಕೆ ಬೇಕಾದುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಸಂದರ್ಭ ಬದಲಾದಾಗ ಮನಸ್ಸನ್ನು ಹೊರಳಿಸಿಕೊಳ್ಳುವುದು. ನಾನು ಮೊದಲು ‘ಕಾರ್ಯಕಾರಿ ಸಾಮರ್ಥ್ಯ’ ಎಂದು ಬರೆದಿದ್ದೆ. ಕರಡನ್ನು ಓದಿದ ಅಜ್ಜಿಯೊಬ್ಬರು, “ನಮ್ಮ ಹುಡುಗನ್ನ ಸಂಘದ ಕಮಿಟಿಗೆ ತಗೊಂಡೀರೇನ್ರಿ?” ಎಂದು ನಕ್ಕರು. ಊರು ಬಿಟ್ಟು ಬಂದ ಕನ್ನಡಿಗರಿಗೆ ‘ಕಾರ್ಯಕಾರಿ’ ಎಂದರೆ ಸಮಿತಿಯೇ ನೆನಪಾಗುವುದು ಸಹಜ. ‘ಕಾರ್ಯಪಾಲಕ’ ಎಂದರೆ ಅಭಿಯಂತರರು ನೆನಪಾಗುತ್ತಾರೆ, ‘ಕಾರ್ಯಾಂಗ’ ಎಂದರೆ ಸರ್ಕಾರ. ‘ನಿಭಾಯಿಸುವ ಶಕ್ತಿ’ ಎಂಬುದು ಕಿವಿಗೆ ಹಿತವಾಗಿದ್ದರೂ, ಕಷ್ಟವನ್ನು ತಾಳಿಕೊಳ್ಳುವ ಅರ್ಥವೇ ಅದರಲ್ಲಿ ಮುಂದಾಗುತ್ತದೆ ಎಂಬ ಅಳುಕು ನನಗಿದೆ.

ಆ ಮೂರರಲ್ಲಿ ಎರಡನೆಯದಾದ, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ‘ವರ್ಕಿಂಗ್ ಮೆಮೊರಿ’ಯನ್ನು ‘ಕೆಲಸದ ನೆನಪು’ ಎಂದರೆ ಮಾಡಬೇಕಾದ ಕೆಲಸವನ್ನು ಮರೆಯದಿರುವುದು ಎಂದಷ್ಟೇ ಆಗುತ್ತದೆ. ‘ಕಾರ್ಯಸ್ಮೃತಿ’ ಎಂಬುದು ಪಠ್ಯಪುಸ್ತಕಕ್ಕೆ ಸರಿ, ಅಡುಗೆಮನೆಯಲ್ಲಿ ನಿಂತು ಉತ್ತರಿಸುವವರಿಗೆ ಅಲ್ಲ. ‘ಹಿಡಿನೆನಪು’ ಎಂಬುದು ನನ್ನ ಸಲಹೆ. ಹಿಡಿದುಕೊಂಡ ನೆನಪು ಎಂಬುದರ ಜೊತೆಗೆ, ಅದು ಒಂದು ಹಿಡಿಯಷ್ಟೇ ಎಂಬ ಮಿತಿಯೂ ಅದೇ ಪದದೊಳಗೆ ಬರುತ್ತದೆ. “ಚೀಲ ತಗೋ, ನೀರಿನ ಬಾಟಲಿ ತುಂಬಿಕೋ, ರೇನ್‌ಕೋಟ್ ಮರೀಬೇಡ” ಎಂದು ಒಟ್ಟಿಗೆ ಹೇಳಿದಾಗ ಮಗು ಚೀಲವೊಂದನ್ನೇ ಹಿಡಿದು ಬಾಗಿಲಲ್ಲಿ ನಿಂತರೆ, ಹಿಡಿಗೆ ಸಿಕ್ಕಿದ್ದು ಅಷ್ಟೇ ಎಂದು ತಾಯಿಗೂ ತಿಳಿಯುತ್ತದೆ.

‘ದಿನಚರಿ’ಯೂ ಎಡವಟ್ಟಿನ ಪದವೇ, ಏಕೆಂದರೆ ಡೈರಿ ಬರೆಯಿಸಬೇಕೇ ಎಂದು ಇಬ್ಬರು ಕೇಳಿದರು, ‘ನಿತ್ಯದ ರೂಢಿ’ ಎಂದು ತಿದ್ದಿಕೊಂಡಿದ್ದೇನೆ. ‘ಮೌಲ್ಯಮಾಪನ’ದಲ್ಲಿ ಪರೀಕ್ಷೆಯ ವಾಸನೆ ಇರುವುದರಿಂದ ಅದನ್ನು ಕೈಬಿಟ್ಟೆ. ಇದು ಬರೀ ಪದದ ಮಡಿವಂತಿಕೆಯಲ್ಲ. ಶಾಂತವಾದ ಕೋಣೆಯಲ್ಲಿ, ಪರೀಕ್ಷಕರು ಒಂದೊಂದಾಗಿ ಹೇಳಿಕೊಡುವ ಆಟಗಳಲ್ಲಿ ಮಗು ತೋರುವ ಸಾಮರ್ಥ್ಯಕ್ಕೂ, ಮನೆಯವರು ನಿತ್ಯ ಕಾಣುವುದಕ್ಕೂ ಅಷ್ಟಾಗಿ ತಾಳೆಯಾಗದಿರುವುದು ಈ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಸಂಗತಿ. ಅಲ್ಲಿ ಪರೀಕ್ಷಕರೇ ಕೆಲಸವನ್ನು ಅಣಿಗೊಳಿಸಿಕೊಟ್ಟಿರುತ್ತಾರೆ, ಮನೆಯಲ್ಲಿ ಅಣಿಗೊಳಿಸಿಕೊಳ್ಳುವುದೇ ಅರ್ಧ ಕೆಲಸ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ‘ಮಗು ತಾನೇ ಚೀಲ ಜೋಡಿಸಿಕೊಳ್ಳುವುದಿಲ್ಲ’ ಎಂಬ ವಾಕ್ಯಕ್ಕೆ ‘ಹೌದು’ ಎಂದವರ ಮನೆಯಲ್ಲಿ ಹಲವು ಬಾರಿ ಅಜ್ಜಿಯೇ ಚೀಲ ಜೋಡಿಸಿಡುತ್ತಾರೆ. ಹಾಗಾದರೆ ಮಗು ‘ಜೋಡಿಸಿಕೊಳ್ಳದು’, ‘ಜೋಡಿಸಿಕೊಳ್ಳಲಾರದು’, ‘ಜೋಡಿಸಿಕೊಳ್ಳಲು ಬಿಟ್ಟಿಲ್ಲ’ ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ. ಬರಹದಲ್ಲಿ ಇವುಗಳ ಅಂತರ ಸ್ಪಷ್ಟ. ಆದರೆ ಮಾತಿನಲ್ಲಿ ‘ಆಗೂದಿಲ್ಲ’ ಎಂಬ ಒಂದೇ ಪದ ಸಾಮರ್ಥ್ಯವನ್ನೂ ಒಲ್ಲದ ಮನಸ್ಸನ್ನೂ ನುಂಗಿಬಿಡುತ್ತದೆ.

ಧಾರವಾಡ, ಸೊಲ್ಲಾಪುರದ ಕಡೆಯವರು ಇಂಥ ಮಗುವನ್ನು ಕುರಿತು ‘ಖಬರಿಲ್ಲ’, ‘ಲಕ್ಷ್ಯ ಇಲ್ಲ’ ಎನ್ನುವುದನ್ನು ಕೇಳಿದ್ದೇನೆ. ಎರಡೂ ಕೊರತೆಯನ್ನು ಹೇಳುವ ಮಾತುಗಳು. ಕೆಲಸವನ್ನು ತಾನೇ ಹೊಂದಿಸಿಕೊಂಡು ಮುಗಿಸುವ ಮಗುವಿಗೆ ನಿಮ್ಮ ಮನೆಗಳಲ್ಲಿ ಯಾವ ಮಾತಿದೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.