ಬಣವೆಗೆ ಬೆಂಕಿ ಬಿದ್ದಾಗ ಕೈಜೋಡಿಸಬೇಕೆನ್ನುವವರಿಗೆ: ರಾಯಚೂರು, ಕೊಪ್ಪಳದವರ ಅನುಭವ

ಪ್ರಶ್ನೆ, ಸಿಂಧನೂರು ತಾಲ್ಲೂಕಿನ ಯುವಕನಿಂದ

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹುಲ್ಲಿನ ಬಣವೆಗಳು ಸಾಲಾಗಿ ಉರಿದವು. ಅಗ್ನಿಶಾಮಕ ಸಿಬ್ಬಂದಿ ಆ ಬಿಸಿಲಿನಲ್ಲಿ ದುಡಿಯುವುದನ್ನು ಕಂಡಾಗಿನಿಂದ ಅವರ ಜೊತೆ ಸ್ವಯಂಸೇವಕನಾಗಿ ಕೆಲಸ ಮಾಡುವ ಆಸೆಯಾಗಿದೆ. ಸಂಬಳ ಬೇಡ. ಯಾರನ್ನು ಕೇಳಬೇಕು, ಏನು ಕಲಿಯಬೇಕು? ಅವ್ವ ಬೇಡವೆನ್ನುತ್ತಾಳೆ. ಅನುಭವ ಇದ್ದವರು ತಿಳಿಸಿ.

ರಾಯಚೂರಿನ ಗೃಹರಕ್ಷಕಿ

ತಮ್ಮಾ, ನಿನ್ನ ಆಸೆ ದೊಡ್ಡದು. ನಮ್ಮ ಕಡೆ ಅಗ್ನಿಶಾಮಕ ಠಾಣೆಗೆ ಹೋಗಿ ಹೆಸರು ಬರೆಸಿದ ಕೂಡಲೇ ಬೆಂಕಿ ಆರಿಸಲು ಕಳುಹಿಸುವ ಪದ್ಧತಿ ಇಲ್ಲ, ಅದು ಸರಿಯೂ ಹೌದು. ಬೇರೆ ದಾರಿಗಳಿವೆ. ಗೃಹರಕ್ಷಕ ದಳ ಸೇರಿದರೆ ಕವಾಯತು, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ತರಬೇತಿ ಸಿಗುತ್ತದೆ. ಕರೆದ ದಿನಗಳಿಗೆ ಭತ್ಯೆಯೂ ಇದೆ. ಜಾತ್ರೆಯ ಬಂದೋಬಸ್ತಿಗೆ ನಿಂತವಳಿಗೆ ಜನಜಂಗುಳಿಯನ್ನು ಮಾತಿನಲ್ಲೇ ಹಿಂದಕ್ಕೆ ಸರಿಸುವುದು ಬರುತ್ತದೆ. ಬೆಂಕಿ ಬಿದ್ದ ಜಾಗದಲ್ಲಿ ಮೊದಲು ಬೇಕಾಗುವುದೇ ಅದು.

ಎರಡನೆಯದು ಪೌರರಕ್ಷಣೆ. 1968ರ ಕಾಯ್ದೆಯ ಅಡಿಯಲ್ಲಿ ನಡೆಯುವ ಈ ಪಡೆಯಲ್ಲಿ ಅಗ್ನಿಶಾಮಕ, ರಕ್ಷಣೆ, ಗಾಯಾಳುಗಳ ಆರೈಕೆ ಎಂದು ಬೇರೆಬೇರೆ ಸೇವೆಗಳಿವೆ. 2025ರ ಮೇ ತಿಂಗಳಲ್ಲಿ ದೇಶದಾದ್ಯಂತ ಅಣಕು ಕಾರ್ಯಾಚರಣೆ ನಡೆಸಲು ಹೇಳಿದಾಗ ನಮ್ಮ ರಾಜ್ಯದ ಪಟ್ಟಿಯಲ್ಲಿ ಬೆಂಗಳೂರು, ಕಾರವಾರದ ಜೊತೆ ರಾಯಚೂರೂ ಇತ್ತು. ಮೂರನೆಯದು ‘ಆಪದ ಮಿತ್ರ’, ಅಂದರೆ ವಿಪತ್ತಿನ ಹೊತ್ತಿಗೆ ನೆರವಾಗುವ ಸ್ವಯಂಸೇವಕರ ಯೋಜನೆ. 18ರಿಂದ 40 ವಯಸ್ಸಿನವರಿಗೆ 12 ದಿನಗಳ ತರಬೇತಿ, ಜೊತೆಗೆ ವಿಮೆ. ಹೊಸ ತಂಡ ಯಾವಾಗ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ಕೇಳು.

ಗಂಗಾವತಿಯಿಂದ, ನಿವೃತ್ತ ಅಗ್ನಿಶಾಮಕ ಚಾಲಕ

ಪೈಪ್ ಹಿಡಿಯುವ ಆಸೆ ಎಲ್ಲ ಹುಡುಗರಿಗೂ ಇರುತ್ತದೆ. ಒತ್ತಡ ಏರಿದಾಗ ತರಬೇತಿ ಇಲ್ಲದವನ ಕೈಯಿಂದ ಅದು ಕಿತ್ತುಕೊಂಡು ಹೋಗಿ ಪಕ್ಕದವನ ಮುಖ ಒಡೆಯಬಹುದು. ಅದನ್ನು ಸಿಬ್ಬಂದಿಗೇ ಬಿಡು. ನೀನು ಮಾಡಬಹುದಾದ ಕೆಲಸದ ಬೆಲೆ ಅದಕ್ಕಿಂತ ಕಡಿಮೆಯೇನಲ್ಲ.

ಒಂದು ಜಲವಾಹನದಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರು ಇರುತ್ತದೆ. ನಿಮಿಷಕ್ಕೆ 450 ಲೀಟರ್ ಹೋದರೆ ಹತ್ತೇ ನಿಮಿಷದಲ್ಲಿ ಖಾಲಿ. ಭತ್ತದ ಹುಲ್ಲಿನ ದೊಡ್ಡ ಬಣವೆ ಅಷ್ಟಕ್ಕೆ ಆರುವುದಿಲ್ಲ. ಮೇಲೆ ಕಪ್ಪಾಗಿ ತಣ್ಣಗಾದಂತೆ ಕಂಡರೂ ಒಳಗೆ ಕೆಂಡ ಇರುತ್ತದೆ. ಸಂಜೆ ಗಾಳಿ ಬೀಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಜೆಸಿಬಿ ತರಿಸಿ ಬಣವೆಯನ್ನು ಬಿಡಿಸಿ, ಪದರ ಪದರವಾಗಿ ನೆನೆಸಬೇಕು. ಹಾಗಾದರೆ ಮುಂದಿನ ನೀರು ಎಲ್ಲಿಂದ ಬರಬೇಕು? ತುಂಗಭದ್ರಾ ಎಡದಂಡೆ ಕಾಲುವೆ ಬೇಸಿಗೆ ಏರುವ ಹೊತ್ತಿಗೆ ಒಣಗಿರುತ್ತದೆ. ನಮ್ಮ ಭಾಗದಲ್ಲಿ ಹುಲ್ಲು ಹೆಚ್ಚು ಒಟ್ಟಿರುವುದೂ ಆಗಲೇ. ಯಾವ ಕೆರೆಯಲ್ಲಿ ನೀರಿದೆ, ಯಾವ ಅಕ್ಕಿ ಗಿರಣಿಯ ತೊಟ್ಟಿಯಿಂದ ತುಂಬಿಸಿಕೊಳ್ಳಬಹುದು, ಟ್ಯಾಂಕರ್ ಯಾರ ಮನೆಯಲ್ಲಿದೆ, ವಾಹನ ಒಳಗೆ ಬರುವಷ್ಟು ಅಗಲದ ಓಣಿ ಯಾವುದು, ಎಲ್ಲಿ ವಿದ್ಯುತ್ ತಂತಿ ಜೋತುಬಿದ್ದಿದೆ: ಇಷ್ಟನ್ನು ಮಾರ್ಚ್ ತಿಂಗಳಲ್ಲೇ ಒಂದು ಹಾಳೆಯಲ್ಲಿ ನಕ್ಷೆ ಮಾಡಿ ಠಾಣಾಧಿಕಾರಿಗೆ ಕೊಟ್ಟು ಬಾ. ರಾತ್ರಿ ಹೊತ್ತು ಪರಿಚಯವಿಲ್ಲದ ಊರಿಗೆ ಗಾಡಿ ಓಡಿಸಿದವನಿಗೆ ಆ ಹಾಳೆಯ ಬೆಲೆ ಗೊತ್ತು.

ಬೆಂಕಿ ಬಿದ್ದ ದಿನ 112ಕ್ಕೋ 101ಕ್ಕೋ ಕರೆ ಮಾಡುವವನು ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ ಹೇಳಲಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬಹಳ. ಒಬ್ಬನು ಮುಖ್ಯರಸ್ತೆಯ ತಿರುವಿನಲ್ಲಿ ಬ್ಯಾಟರಿ ಹಿಡಿದು ನಿಲ್ಲಲಿ, ಇನ್ನೊಬ್ಬನು ಜೆಸ್ಕಾಂ ಲೈನ್‌ಮನ್‌ಗೆ ಕರೆ ಮಾಡಿ ವಿದ್ಯುತ್ ತೆಗೆಸಲಿ. ತಂತಿಯಲ್ಲಿ ವಿದ್ಯುತ್ ಇರುವಾಗ ಕೊಡದಲ್ಲಿ ನೀರು ಎರಚಲು ಯಾರನ್ನೂ ಬಿಡಬೇಡ. ದನಗಳ ಹಗ್ಗ ಬಿಚ್ಚುವುದು ನಿಮ್ಮದೇ ಕೆಲಸ, ಅದಕ್ಕೆ ನಮ್ಮ ದಾರಿ ಕಾಯಬೇಡಿ. ಪಾಲಿಯೆಸ್ಟರ್ ಅಂಗಿ ಹಾಕಿಕೊಂಡು ಹತ್ತಿರ ಹೋಗಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯ ಬಟ್ಟೆ ಇರಲಿ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಹೊಗೆ ತುಂಬಿದ ಕೋಣೆಗೆ ನುಗ್ಗುವವರನ್ನೂ ತಡೆ. ಬಟ್ಟೆ ಮಸಿಯನ್ನು ಸ್ವಲ್ಪ ತಡೆದೀತು, ವಿಷಾನಿಲವನ್ನು ತಡೆಯುವುದಿಲ್ಲ.

ಲಿಂಗಸುಗೂರು ತಾಲ್ಲೂಕು, ಕೃಷ್ಣಾ ತೀರದಿಂದ

ನಮ್ಮಲ್ಲಿ ಅಗ್ನಿಶಾಮಕದವರನ್ನು ಹೆಚ್ಚು ನೆನೆಯುವುದು ನೀರಿಗೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. ಬೋಟ್ ಅವರದು, ಹೊಳೆಯ ಸುಳಿ, ಬಂಡೆ ಗೊತ್ತಿರುವುದು ಹರಿಗೋಲು ಹಾಕುವ ನಮ್ಮವರಿಗೆ. ಅಣ್ಣಾ, ನಿನಗೆ ಈಜು ಬರದಿದ್ದರೆ ಅದನ್ನೂ ಕಲಿ.

ಸಿಂಧನೂರಿನ ಯುವಕ

ಎಲ್ಲರಿಗೂ ವಂದನೆಗಳು. ಈಜು ಬರುತ್ತದೆ. ನಕ್ಷೆಯ ಕೆಲಸ ಈ ವಾರವೇ ಆರಂಭಿಸುತ್ತೇನೆ. ಅವ್ವನಿಗೆ ಏನು ಹೇಳಲಿ?

ಕೊಪ್ಪಳದ ಶಿಕ್ಷಕಿ

ಅವರನ್ನೂ ಠಾಣೆಗೆ ಕರೆದುಕೊಂಡು ಹೋಗಿ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ಇರುತ್ತದೆ. 1944ರಲ್ಲಿ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ನಡೆಸುವ ಸಪ್ತಾಹ ಅದು. ನಮ್ಮ ಶಾಲೆಗೆ ಬಂದ ಸಿಬ್ಬಂದಿ ಉರಿಯುವ ಅಡುಗೆ ಅನಿಲದ ಸಿಲಿಂಡರನ್ನು ಒದ್ದೆ ಗೋಣಿಚೀಲದಿಂದ ಆರಿಸಿ ತೋರಿಸಿದಾಗ ಬಿಸಿಯೂಟದ ಅಡುಗೆಯವರು ಮುಂದೆ ಬಂದು ತಾವೇ ಮಾಡಿ ನೋಡಿದರು. ಅದಕ್ಕೂ ಮೊದಲು ಅವರಿಗಿದ್ದ ಭಯ ನಿಮ್ಮ ತಾಯಿಯ ಭಯಕ್ಕಿಂತ ಸಣ್ಣದಾಗಿರಲಿಲ್ಲ.

ಮಾನ್ವಿಯ ರೈತ

ಬೆಂಕಿ ಆರಿದ ಮೇಲಿನ ಕೆಲಸವನ್ನು ಯಾರೂ ಹೇಳಲಿಲ್ಲ, ನಾನು ಸೇರಿಸುತ್ತೇನೆ. ಬೂದಿ ಗುಡಿಸಿ ತೆಗೆಯುವ ಮೊದಲು ಫೋಟೊ ತೆಗೆದಿಡಿ. ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ. ಎಮ್ಮೆಯೋ ಎತ್ತೋ ಸತ್ತಿದ್ದರೆ ಪಶುವೈದ್ಯರು ನೋಡುವವರೆಗೆ ಹೂಳಬೇಡಿ. ವಿಮೆ, ಪರಿಹಾರ ಕೇಳುವಾಗ ಅಗ್ನಿಶಾಮಕ ಠಾಣೆಯ ವರದಿ ಬೇಕಾಗುತ್ತದೆ. ಓದು ಬಾರದ ರೈತನ ಪರವಾಗಿ ಅರ್ಜಿ ಬರೆದು ಜೊತೆಗೆ ಹೋಗುವ ಹುಡುಗ ಸಿಕ್ಕರೆ ಅವನ ಅರ್ಧ ಸಂಕಟ ಇಳಿಯುತ್ತದೆ. ಉಳಿದ ದನಗಳಿಗೆ ಅವತ್ತೇ ಸಂಜೆ ಮೇವು ಬೇಕು. ಅಕ್ಕಪಕ್ಕದ ಊರುಗಳಿಂದ ಒಂದೊಂದು ಟ್ರ್ಯಾಕ್ಟರ್ ಹುಲ್ಲು ಕೂಡಿಸುವ ಹೊಣೆಯನ್ನೂ ನಿಮ್ಮ ತಂಡವೇ ಹೊರಲಿ. ಮಾನ್ವಿ ಕಡೆಯಿಂದ ಮೊದಲ ಟ್ರ್ಯಾಕ್ಟರ್ ನನ್ನದು.